ಓದುಗರಿರುವ ಕಡೆಗೆ: ಕನ್ನಡ ಬರಹ ಜಾಲದಲ್ಲಿ ನೆಲೆ ಹುಡುಕಿದ ಬಗೆ

ಫೇಸ್‌ಬುಕ್, ಎಕ್ಸ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್‌ಆ್ಯಪ್, ಪ್ರತಿಲಿಪಿ ಮೊದಲಾದ ವೇದಿಕೆಗಳು, ಇವುಗಳ ಜೊತೆಗೆ ಸ್ವಂತ ಜಾಲತಾಣ ಎಂದು ಇಂದು ಕನ್ನಡದಲ್ಲಿ ಬರೆಯುವವರ ಮುಂದೆ ಹತ್ತಾರು ನೆಲೆಗಳು ಒಮ್ಮೆಲೇ ತೆರೆದುಕೊಂಡಿರುವುದರಿಂದ, ಏನು ಬರೆಯಬೇಕೆಂಬುದರಷ್ಟೇ ಎಲ್ಲಿ ಬರೆಯಬೇಕೆಂಬುದೂ ಕಾಡುವ ಪ್ರಶ್ನೆಯಾಗಿದೆ. ವೇದಿಕೆ ಎಂದರೆ ಇಲ್ಲಿ, ಬರೆದವರ ಬರಹವನ್ನು ಬೇರೊಂದು ಸಂಸ್ಥೆ ತನ್ನ ಕಂಪ್ಯೂಟರುಗಳಲ್ಲಿ ಇರಿಸಿಕೊಂಡು, ತನ್ನ ನಿಯಮದಂತೆ ಓದುಗರಿಗೆ ತೋರಿಸುವ ವ್ಯವಸ್ಥೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಮೊದಲಿನಿಂದಲೂ ಓದುಗರು ಎಲ್ಲಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆಯಾಗಿದ್ದರೆ, ಕನ್ನಡದವರು ಅದಕ್ಕೂ ಮುಂಚೆ ತಮ್ಮ ಅಕ್ಷರ ಎಲ್ಲಿ ಅಕ್ಷರವಾಗಿ ಕಾಣುತ್ತದೆ ಎಂಬುದನ್ನು ಕೇಳಿಕೊಳ್ಳಬೇಕಾಗಿತ್ತು. ಕನ್ನಡ ಜಾಲಬರಹದ ಇತಿಹಾಸವನ್ನು ರೂಪಿಸಿದ್ದು ಈ ಎರಡನೆಯ ಪ್ರಶ್ನೆ.

ಈ ಪ್ರಶ್ನೆ ಅಚ್ಚಿನ ಕಾಲದಲ್ಲೂ ಇತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ಪಾಕ್ಷಿಕ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದುದನ್ನು ಕಾಗದಕ್ಕೆ ಒತ್ತುವ ವಿಧಾನದಲ್ಲಿ ಹೊರಬರುತ್ತಿತ್ತು. ಮರುವರ್ಷ ಅದು ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂದು ಹೆಸರು ಬದಲಿಸಿಕೊಂಡಿತು. ಕನ್ನಡದ ಮೊದಲ ಪತ್ರಿಕೆಯೇ ಅಕ್ಷರದ ಅನುಕೂಲ ನೋಡಿ ಊರು ಬಿಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. ಓದುಗರನ್ನು ಮುಟ್ಟುವ ಕಷ್ಟವಾದರೋ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಳಗನಾಥರ ತಲೆಯ ಮೇಲೇ ಇತ್ತು: ಕಾದಂಬರಿಗಳನ್ನು ತಾವೇ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು, ಊರೂರು ತಿರುಗಿ ಮನೆಮನೆಯ ಬಾಗಿಲಲ್ಲಿ ಮಾರಿದ ಅವರಿಗೆ ವೇದಿಕೆಯೂ ವಾಹನವೂ ಅವರ ದೇಹವೇ ಆಗಿತ್ತು.

ಕಂಪ್ಯೂಟರು ಬಂದಾಗ ಕನ್ನಡಕ್ಕೆ ಎದುರಾದ ತೊಡಕು ಮೊಳೆಯ ತೊಡಕಿಗಿಂತ ಸೂಕ್ಷ್ಮವಾದುದು. ಕಂಪ್ಯೂಟರು ಪ್ರತಿಯೊಂದು ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದಕ್ಕೆ ಸಂಕೇತೀಕರಣವೆಂದು ಹೆಸರು. ಆರಂಭದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾಗಿದ್ದ 256 ಸ್ಥಾನಗಳಲ್ಲೇ ಕನ್ನಡದ ಅಕ್ಷರಗಳ ಚೂರುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತು, ದೀರ್ಘಗಳ ಆಕಾರಗಳನ್ನು ತುಂಬಿ, ಅವನ್ನು ಜೋಡಿಸಿ ಪರದೆಯ ಮೇಲೆ ಕನ್ನಡದ ರೂಪ ಮೂಡಿಸುತ್ತಿದ್ದವು. ಹೀಗಾಗಿ ಕಣ್ಣಿಗೆ ಕನ್ನಡವಾಗಿ ಕಂಡದ್ದು ಯಂತ್ರದ ಪಾಲಿಗೆ ಇಂಗ್ಲಿಷ್ ಚಿಹ್ನೆಗಳ ಸಾಲಾಗಿಯೇ ಉಳಿಯುತ್ತಿತ್ತು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಗೀಟುಗಳು, ಚಿಹ್ನೆಗಳು ಮೂಡುತ್ತಿದ್ದವು. 'ಸೂರ್ಯ' ಎಂಬ ಎರಡಕ್ಷರದ ಪದವನ್ನೇ ನೋಡಬಹುದು. ಉಚ್ಚಾರಣೆಯಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರಹದಲ್ಲಿ ಯಕಾರ ಬರೆದು ಅದರ ಪಕ್ಕದಲ್ಲಿ ಅರ್ಕಾವತ್ತು ಹಾಕುವುದು ರೂಢಿ. ಹಳೆಯ ಫಾಂಟುಗಳು ಕಣ್ಣಿನ ಕ್ರಮವನ್ನೇ ಕಡತದಲ್ಲೂ ಇಟ್ಟುಕೊಂಡದ್ದರಿಂದ, ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಾಗಲೀ ಜಾಲದಲ್ಲಿ ಹುಡುಕುವುದಾಗಲೀ ಸಾಧ್ಯವಿರಲಿಲ್ಲ. ಹುಡುಕಿದರೆ ಸಿಗದ ಬರಹಕ್ಕೆ ಹೊಸ ಓದುಗ ದೊರೆಯುವುದು ಹೇಗೆ?

ಇಷ್ಟಾದರೂ ಬರೆಯುವ ಉತ್ಸಾಹ ಕುಂದಲಿಲ್ಲ. ಕನ್ನಡದ ಮೊದಲ ಜಾಲಪತ್ರಿಕೆಯೆಂದು ಹೆಸರಾದ ಯು.ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲಿ ಆರಂಭವಾಯಿತು. 1998ರಲ್ಲಿ ಶೇಷಾದ್ರಿವಾಸು ಹೊರತಂದ 'ಬರಹ' ತಂತ್ರಾಂಶ ಉಚಿತವಾಗಿ ದೊರೆತು, ಅಮೆರಿಕ ಮೊದಲಾದ ದೇಶಗಳಲ್ಲಿದ್ದ ಕನ್ನಡಿಗರ ಮೇಜುಗಳನ್ನೂ ತಲುಪಿತು; ಇಂಗ್ಲಿಷಿನ ಚಿಕ್ಕ 'ಡಿ' ಒತ್ತಿದರೆ ದಕಾರ, ದೊಡ್ಡ 'ಡಿ' ಒತ್ತಿದರೆ ಡಕಾರ ಎಂಬ ಅದರ ಸುಲಭ ಸೂತ್ರವನ್ನು ಕನ್ನಡ ಬೆರಳಚ್ಚು ಕಲಿಯದವರೂ ಗಂಟೆಯೊಳಗೆ ರೂಢಿಸಿಕೊಂಡರು. ಇತ್ತ ನಾಡಿನೊಳಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಕೆ.ಪಿ. ರಾವ್ ರೂಪಿಸಿದ, 'ಎಫ್' ಕೀಲಿಯಿಂದ ಒತ್ತಕ್ಷರ ಮೂಡಿಸುವ ಕೀಲಿಮಣೆಯೊಂದಿಗೆ ಸರ್ಕಾರಿ ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ನೆಲೆಯೂರಿತು.

ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ನೀಡುವ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ದೊರೆತಿತ್ತಾದರೂ, ಸಾಮಾನ್ಯ ಬಳಕೆದಾರರಿಗೆ ಅದು ಕೈಗೆಟುಕಿದ್ದು 'ತುಂಗಾ' ಎಂಬ ಕನ್ನಡ ಫಾಂಟನ್ನು ಒಳಗೊಂಡ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದ ಮೇಲೆ. ಅದರಲ್ಲೂ ಭಾರತೀಯ ಲಿಪಿಗಳ ಸೌಲಭ್ಯವನ್ನು ಸಿಡಿ ಹಾಕಿ ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಿತ್ತು; ಅದು ತಿಳಿಯದವರಿಗೆ ಕನ್ನಡದ ಪುಟ 'ಡಬ್ಬಿ ಡಬ್ಬಿ'ಯಾಗಿ, ಅಂದರೆ ಖಾಲಿ ಚೌಕಗಳ ಸಾಲಾಗಿ ಕಾಣುತ್ತಿತ್ತು. ಆದರೂ ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ಓದಬಹುದಾದ ಕನ್ನಡ ಮೊದಲು ಸಿದ್ಧವಾದದ್ದು ಆಗಲೇ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದುದಕ್ಕೂ, ಆ ದಶಕದಲ್ಲಿ 'ಸಂಪದ', 'ಕೆಂಡಸಂಪಿಗೆ', 'ಅವಧಿ'ಯಂತಹ ತಾಣಗಳು ಬರಹಗಾರರನ್ನು ಕೂಡಿಸಿದ್ದಕ್ಕೂ ನೆಲ ಹದ ಮಾಡಿದ್ದು ಯೂನಿಕೋಡ್. ಕನ್ನಡದ ಯಾವುದೇ ಒಂದು ಜಾಲತಾಣಕ್ಕಿಂತ ಈ ಸಂಕೇತೀಕರಣದ ಕೊಡುಗೆ ದೊಡ್ಡದೆಂದು ಹೇಳಲು ಅಡ್ಡಿಯಿಲ್ಲ.

ಅಕ್ಷರದ ತೊಡಕು ಕಳೆದೊಡನೆ ಆಯ್ಕೆಯ ತೊಡಕು ಮೊದಲಾಯಿತು. 2004ರಲ್ಲಿ ಬಂದ ಆರ್ಕುಟ್‌ನ ಸಮುದಾಯಗಳಲ್ಲಿ ಕನ್ನಡದ ಚರ್ಚೆಗಳು ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲೇ ನಡೆದು, 2014ರ ಸೆಪ್ಟೆಂಬರ್ 30ರಂದು ಆ ತಾಣ ಮುಚ್ಚಿತು. ಅಷ್ಟರೊಳಗೆ ಓದುಗರು ಫೇಸ್‌ಬುಕ್ಕಿಗೆ ಹೋಗಿದ್ದರು. ಬರೆಯುವವರೂ ಅವರ ಹಿಂದೆಯೇ ನಡೆದರು. ಪತ್ರಿಕೆಯಲ್ಲಿ ಯಾವ ಬರಹ ಯಾವ ಪುಟಕ್ಕೆ ಎಂಬುದನ್ನು ಸಂಪಾದಕ ನಿರ್ಧರಿಸಿದರೆ, ಇಲ್ಲಿ ಆ ಕೆಲಸ ಅಲ್ಗಾರಿದಮ್‌ನದು, ಅಂದರೆ ಯಾರಿಗೆ ಯಾವುದು ಮೊದಲು ಕಾಣಬೇಕೆಂದು ಲೆಕ್ಕ ಹಾಕುವ ನಿಯಮಾವಳಿಯದು. 2018ರ ಜನವರಿಯಲ್ಲಿ ಫೇಸ್‌ಬುಕ್ ಈ ಲೆಕ್ಕವನ್ನು ಬದಲಿಸಿ, ಪುಟಗಳ ಬರಹಗಳಿಗಿಂತ ಬಂಧುಮಿತ್ರರ ಮಾತಿಗೆ ಆದ್ಯತೆ ಕೊಡುವುದಾಗಿ ಸಾರಿತು. ಸ್ವಂತ ತಾಣವನ್ನು ಬಿಟ್ಟು ಫೇಸ್‌ಬುಕ್ ಪುಟವನ್ನೇ ನೆಚ್ಚಿಕೊಂಡವರಿಗೆ ಆಗ ಓದುಗರು ತಮ್ಮವರಲ್ಲ, ವೇದಿಕೆಯವರೆಂಬುದು ಸ್ಪಷ್ಟವಾಯಿತು.

ವಾಟ್ಸ್‌ಆ್ಯಪ್‌ನ ಬಗೆ ಬೇರೆ. ಅಲ್ಲಿ ಬರಹ ಹರಡುವ ವೇಗ ಹೆಚ್ಚು, ಬರೆದವರ ಹೆಸರು ಉಳಿಯುವ ಭರವಸೆ ಕಡಿಮೆ. ಕವಿತೆಯೊಂದು ನಾಲ್ಕಾರು ಗುಂಪುಗಳನ್ನು ದಾಟುವಷ್ಟರಲ್ಲಿ ಹೆಸರು ಕಳಚಿಕೊಂಡು, ಕೆಲವೊಮ್ಮೆ ಹೆಸರಾಂತ ಕವಿಯ ಹೆಸರನ್ನೇ ಅಂಟಿಸಿಕೊಂಡು, ಬರೆದವರ ಫೋನಿಗೇ ಮರಳುವುದುಂಟು. ಇದು ಬರೆದವರ ಪಾಲಿಗೆ ನಿಜವಾದ ನಷ್ಟ. ಇನ್ನೊಂದು ಕಡೆ, ಕೆಲವು ಬಾಗಿಲುಗಳು ಕನ್ನಡಕ್ಕೆ ತೆರೆಯಲೇ ಇಲ್ಲ: 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್ ಇ-ಪುಸ್ತಕ ಮಳಿಗೆಯನ್ನು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳಿಗೆ ತೆರೆದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ.

ಬೆಂಗಳೂರಿನಲ್ಲೇ ಹುಟ್ಟಿದ 'ಕೂ' ಈ ಕೊರತೆಗೆ ಉತ್ತರದಂತೆ ಬಂದಿತ್ತು. ಕಿರುಬರಹಗಳ ಈ ವೇದಿಕೆ 2020ರಲ್ಲಿ ಮೊದಲು ಕನ್ನಡದಲ್ಲೇ ಆರಂಭವಾಗಿ, ಆಮೇಲೆ ಇತರ ಭಾಷೆಗಳಿಗೆ ಹಬ್ಬಿತು. ಕನ್ನಡ ಅನುವಾದವಾಗಿ ಕೊನೆಗೆ ಸೇರಿಕೊಳ್ಳದೆ ಮೊದಲ ಭಾಷೆಯಾಗಿ ನಿಂತ ಇಂತಹ ನಿದರ್ಶನ ಅಪರೂಪ. ಬೇರೆ ಸಂಸ್ಥೆಗಳೊಡನೆ ನಡೆದ ಮಾತುಕತೆಗಳು ಫಲಿಸದೆ 2024ರ ಜುಲೈಯಲ್ಲಿ ಅದೂ ಮುಚ್ಚಿತು.

ಹೀಗೆ ನೆಲೆಗಳು ಒಂದೊಂದಾಗಿ ಕಳೆದುಹೋಗುವುದನ್ನು ಕಂಡ ಬರಹಗಾರರಲ್ಲಿ ಅನೇಕರು ಜಾಲದಲ್ಲಿ ಬರೆದುದನ್ನು ಒಟ್ಟುಮಾಡಿ ಅಚ್ಚಿನ ಪುಸ್ತಕವಾಗಿಸುವ ವಾಡಿಕೆಗೆ ಮರಳಿದ್ದಾರೆ. ಆದರೆ ಕನ್ನಡದ ಹಲವು ಡಿಟಿಪಿ ಅಂಗಡಿಗಳಲ್ಲಿ ಪುಟ ಕಟ್ಟಲು ಬಳಸುವ ಹಳೆಯ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಆದ್ದರಿಂದ ಅಲ್ಲಿ, ಫೋನಿನಲ್ಲಿ ಬರೆದ ಬರಹವನ್ನು ಪರಿವರ್ತಕದ ಮೂಲಕ ಮತ್ತೆ ಹಳೆಯ ಫಾಂಟಿಗೆ ಇಳಿಸಿ, ಕರಡು ತಿದ್ದುವವರು 'ಸೂರ್ಯ'ದ ಅರ್ಕಾವತ್ತು ತನ್ನ ಜಾಗದಲ್ಲಿದೆಯೇ ಎಂದು ಸಾಲು ಸಾಲಾಗಿ ನೋಡಿದ ಮೇಲೆಯೇ ಪುಟಗಳು ಅಚ್ಚಿಗೆ ಹೋಗುತ್ತವೆ.