ಜಾಲತಾಣಗಳ ಹೊರೆ ಹಂಚುವ ಮುಕ್ತ ತಂತ್ರಾಂಶಗಳು: ವೇಗದ ಲೆಕ್ಕಾಚಾರ

ಪರೀಕ್ಷಾ ಫಲಿತಾಂಶದ ದಿನ ಜಾಲತಾಣ ತೆರೆದುಕೊಳ್ಳದೆ ಸತಾಯಿಸುವುದು ಹಲವರ ಅನುಭವ. ಸಾವಿರಾರು ಕೋರಿಕೆಗಳು ಒಂದೇ ಸರ್ವರ್‌ನ ಮೇಲೆ ಎರಗದಂತೆ ಅವನ್ನು ಹಲವು ಸರ್ವರ್‌ಗಳಿಗೆ ಹಂಚುವುದೇ ಲೋಡ್ ಬ್ಯಾಲೆನ್ಸರ್‌ನ ಕೆಲಸ. ಇದಕ್ಕೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಎಲ್‌ವಿಎಸ್, ಎಚ್‌ಎ-ಪ್ರಾಕ್ಸಿ ಹಾಗೂ ಎಂಜಿನ್‌ಎಕ್ಸ್ ಎಂಬ ಮೂರು ಮುಕ್ತ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.

ಚೀನಾದ ವೆನ್ಸಾಂಗ್ ಜಾಂಗ್ 1998ರಲ್ಲಿ ಆರಂಭಿಸಿದ ಎಲ್‌ವಿಎಸ್, ಲಿನಕ್ಸ್ ಕರ್ನಲ್‌ನ ಒಳಗೇ ದುಡಿಯುತ್ತದೆ. ಕೋರಿಕೆಯಲ್ಲಿ ಏನಿದೆಯೆಂದು ಅದು ಓದುವುದಿಲ್ಲ. ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನಷ್ಟೇ ನೋಡಿ ಮುಂದಕ್ಕೆ ಸಾಗಿಸುತ್ತದೆ. 'ಡೈರೆಕ್ಟ್ ರೂಟಿಂಗ್' ವಿಧಾನದಲ್ಲಂತೂ ಸರ್ವರ್‌ನ ಉತ್ತರ ಇದರ ಮೂಲಕ ಹಾಯದೆ ನೇರವಾಗಿ ಓದುಗನನ್ನು ತಲುಪುತ್ತದೆ. ವೆಬ್‌ನಲ್ಲಿ ಕೋರಿಕೆ ಚಿಕ್ಕದು, ಉತ್ತರ ದೊಡ್ಡದು. ಆದ್ದರಿಂದ ಬರಿಯ ವೇಗದಲ್ಲಿ ಇದನ್ನು ಮೀರಿಸುವುದು ಉಳಿದೆರಡಕ್ಕೆ ಕಷ್ಟ. ಆದರೆ ಚಿತ್ರಗಳನ್ನು ಒಂದು ಸರ್ವರ್‌ಗೆ, ಲೇಖನಗಳನ್ನು ಇನ್ನೊಂದಕ್ಕೆ ಕಳುಹಿಸುವ ವಿವೇಚನೆ ಇದಕ್ಕಿಲ್ಲ.

ಆ ವಿವೇಚನೆ ಎಚ್‌ಎ-ಪ್ರಾಕ್ಸಿಗೂ ಎಂಜಿನ್‌ಎಕ್ಸ್‌ಗೂ ಇದೆ. ಫ್ರಾನ್ಸಿನ ವಿಲ್ಲಿ ಟಾರೋ ರೂಪಿಸಿದ ಎಚ್‌ಎ-ಪ್ರಾಕ್ಸಿ, 2021ರಲ್ಲಿ 64 ಕೋರ್‌ಗಳ ಒಂದೇ ಯಂತ್ರದಲ್ಲಿ ಸೆಕೆಂಡಿಗೆ 20 ಲಕ್ಷ ಕೋರಿಕೆಗಳನ್ನು ನಿಭಾಯಿಸಿತು. ಅದು ತಯಾರಕರೇ ನಡೆಸಿದ ಪರೀಕ್ಷೆ ಎಂಬುದನ್ನು ಮರೆಯುವಂತಿಲ್ಲ. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಮೂಲತಃ ವೆಬ್ ಸರ್ವರ್. ಹೊರೆ ಹಂಚುವುದರ ಜೊತೆಗೆ ಚಿತ್ರ, ಕಡತಗಳನ್ನು ತಾನೇ ಒದಗಿಸಬಲ್ಲದು.

ಸೆಕೆಂಡಿಗೆ ಎಷ್ಟು ಕೋರಿಕೆ ಎಂಬ ಅಂಕಿಗಿಂತ, ಹಿಂದಿರುವ ಸರ್ವರ್ ಕೈಕೊಟ್ಟಾಗ ಏನಾಗುತ್ತದೆ ಎಂಬುದು ಮುಖ್ಯ. ತಪಾಸಣೆಯನ್ನು ಚಾಲನೆಗೊಳಿಸಿದರೆ ಎಚ್‌ಎ-ಪ್ರಾಕ್ಸಿ, ಮೂಲ ಹೊಂದಿಕೆಯಲ್ಲಿ 2 ಸೆಕೆಂಡಿಗೊಮ್ಮೆ ಸರ್ವರ್‌ನ ಯೋಗಕ್ಷೇಮ ವಿಚಾರಿಸಿ, ಸತತ 3 ಬಾರಿ ವಿಫಲವಾದರೆ ಅದನ್ನು ಸರದಿಯಿಂದ ಕೈಬಿಡುತ್ತದೆ. ಎಂಜಿನ್‌ಎಕ್ಸ್‌ನ ಮುಕ್ತ ಆವೃತ್ತಿಯಲ್ಲಿ ಇಂತಹ ತಪಾಸಣೆ ಬಹುಕಾಲ ಇರಲಿಲ್ಲ. ಅದು ವಾಣಿಜ್ಯ ಆವೃತ್ತಿಗೆ ಮೀಸಲಾಗಿತ್ತು. ಯಾರದೋ ಕೋರಿಕೆ ವಿಫಲವಾದಾಗಲೇ ಅದಕ್ಕೆ ತೊಂದರೆ ತಿಳಿಯುವುದು. ಸಂಪರ್ಕಕ್ಕಾಗಿ ಕಾಯುವ ಮೂಲ ಅವಧಿ 60 ಸೆಕೆಂಡ್. ಸರ್ವರ್ ಮೌನವಾಗಿ ಸತ್ತಿದ್ದರೆ ಅಷ್ಟು ಹೊತ್ತು ಕಾಯಬೇಕಾದವನು ಓದುಗ. ಈ ಅವಧಿಯನ್ನು ಕೆಲವೇ ಸೆಕೆಂಡುಗಳಿಗೆ ಇಳಿಸುವುದು ನಿರ್ವಾಹಕರು ಮೊದಲು ಮಾಡಬೇಕಾದ ಕೆಲಸ.

ದೊಡ್ಡ ತಾಣಗಳು ಒಂದನ್ನೇ ನೆಚ್ಚುವುದು ಕಡಿಮೆ. ಮುಂದೆ ಎಲ್‌ವಿಎಸ್, ಅದರ ಹಿಂದೆ ಎಚ್‌ಎ-ಪ್ರಾಕ್ಸಿ ಅಥವಾ ಎಂಜಿನ್‌ಎಕ್ಸ್‌ಗಳ ಸಾಲು ಎಂಬುದು ರೂಢಿಯಲ್ಲಿರುವ ಜೋಡಣೆ. ಮುಂದಿನ ಯಂತ್ರವೇ ಕೆಟ್ಟರೆ ಗತಿಯೇನು ಎಂಬ ಪ್ರಶ್ನೆಗೆ 'ಕೀಪ್‌ಅಲೈವ್‌ಡಿ' ಎಂಬ ಇನ್ನೊಂದು ಮುಕ್ತ ತಂತ್ರಾಂಶ ಉತ್ತರ: ಅದು ಅದೇ ವಿಳಾಸವನ್ನು ಪಕ್ಕದ ಯಂತ್ರಕ್ಕೆ ವರ್ಗಾಯಿಸುತ್ತದೆ.