ನಿನ್ನೆ ಇದ್ದ ಪಟ್ಟಿ ಇವತ್ತು ಎಲ್ಲಿ? ವೆಬ್ ಪುಟಗಳನ್ನು ಹಿಡಿದಿಟ್ಟುಕೊಂಡವರ ಕಥೆ

ಮಳೆಗೆ ಮನೆ ಬಿದ್ದವರ ಪರಿಹಾರ ಪಟ್ಟಿ ಒಂದು ಸಂಜೆ ವೆಬ್‌ಸೈಟಿನಲ್ಲಿ ಬಂತು. ನಮ್ಮ ಕಡೆಯ ಒಬ್ಬ ಅಜ್ಜಿಯ ಹೆಸರು ಅದರಲ್ಲಿತ್ತು. ನಾನೇ ಫೋನಿನಲ್ಲಿ ನೋಡಿ ಆಕೆಗೆ ಓದಿ ಹೇಳಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಲಿಂಕ್, ಅದೇ ತಲೆಬರಹ, ಆದರೆ ಹೆಸರು ಇಲ್ಲ.

"ತಮ್ಮಾ, ಮೊನ್ನೆ ನೀನ ಓದಿ ಹೇಳಿದೆಲ್ಲೋ. ಈಗ ಎಲ್ಲಿ ಹೋತು ಅದು?"

"ಇತ್ತಬೇ ಯವ್ವಾ, ನಾನ ನೋಡೀನಿ" ಅಂದೆ. ಕಚೇರಿಗೆ ಹೋದರೆ, "ಇತ್ತು ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ?" ಎಂದು ಕೇಳಿದರು. ಏನೂ ಇರಲಿಲ್ಲ. ಒಂದು ಸ್ಕ್ರೀನ್‌ಶಾಟ್ ಕೂಡ ತೆಗೆದಿರಲಿಲ್ಲ. ಸುದ್ದಿ ಬರೆಯಲು ಆಗಲಿಲ್ಲ.

ಕಾಗದದ ಪಟ್ಟಿಯಲ್ಲಿ ಹೆಸರು ಹೊಡೆದು ಹಾಕಿದರೆ ಗೀರು ಉಳಿಯುತ್ತದೆ. ವೆಬ್ ಪುಟದಲ್ಲಿ ಗೀರೂ ಉಳಿಯುವುದಿಲ್ಲ. ಈ ಮರೆವಿಗೆ ಮದ್ದು ಹುಡುಕಿದವರ ಇತಿಹಾಸ ಸುಮಾರು 30 ವರ್ಷದ್ದು. ಅದು ನಮ್ಮ ಹೊಲದ ನೀರಿನ ವ್ಯವಸ್ಥೆಯಂತೆಯೇ ಇದೆ. ನೀರು ಎತ್ತಲು ಬೋರು, ತುಂಬಿಡಲು ಟ್ಯಾಂಕು, ಕರೆಂಟ್ ಬಂದ ಕೂಡಲೇ ತಾನೇ ಮೋಟರ್ ಚಾಲೂ ಮಾಡುವ ಆಟೋ ಸ್ಟಾರ್ಟರ್. ಮೂರೂ ಬೇರೆ ಬೇರೆ ಕಾಲಕ್ಕೆ ಬಂದವು, ಆಮೇಲೆ ಒಂದಕ್ಕೊಂದು ಸೇರಿದವು.

ಬೋರು: ಪುಟದಿಂದ ಮಾಹಿತಿ ಎತ್ತುವುದು

ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್ 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡಿತು. ಎರಡೇ ವರ್ಷದಲ್ಲಿ, 1993ರಲ್ಲಿ, ಅಮೆರಿಕದ ಎಂಐಟಿಯ ಮ್ಯಾಥ್ಯೂ ಗ್ರೇ ಒಂದು ಪ್ರೋಗ್ರಾಂ ಬರೆದರು. ಅದು ಒಂದು ಲಿಂಕಿನಿಂದ ಇನ್ನೊಂದಕ್ಕೆ ಹೋಗುತ್ತಾ ವೆಬ್ ಎಷ್ಟು ಬೆಳೆದಿದೆ ಎಂದು ಲೆಕ್ಕ ಹಾಕುತ್ತಿತ್ತು. ಅದರ ಹೆಸರೇ 'ವಾಂಡರರ್', ಅಂದರೆ ಅಲೆಮಾರಿ.

ಇಂಥ ಅಲೆಮಾರಿಗಳು ಹೆಚ್ಚಾದಂತೆ ಸರ್ವರ್‌ಗಳಿಗೆ ಭಾರವಾಯಿತು. 1994ರಲ್ಲಿ ಮಾರ್ಟಿನ್ ಕೋಸ್ಟರ್ ಒಂದು ಸಣ್ಣ ಉಪಾಯ ಹೇಳಿದರು. ವೆಬ್‌ಸೈಟಿನವರು 'ರೋಬೋಟ್ಸ್.ಟಿಎಕ್ಸ್‌ಟಿ' ಎಂಬ ಫೈಲ್ ಇಡಬೇಕು, ಯಂತ್ರಗಳು ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂದು ಅದರಲ್ಲಿ ಬರೆದಿರಬೇಕು. ಹೊಲದ ಬದುವಿನ ಮೇಲೆ ಹಾಕಿದ ಬೋರ್ಡಿನಂತೆ ಇದು. ತಡೆಯುವ ಬೇಲಿಯಲ್ಲ, ಮರ್ಯಾದೆಯ ಮಾತು.

ಪುಟದಿಂದ ಬೇಕಾದ ಹೆಸರು, ಅಂಕಿಗಳನ್ನು ಮಾತ್ರ ಯಂತ್ರದಿಂದ ತೆಗೆಯುವುದಕ್ಕೆ 'ಸ್ಕ್ರೇಪಿಂಗ್' ಎನ್ನುತ್ತಾರೆ. ಪಾತ್ರೆಯ ತಳ ಕೆರೆದು ತೆಗೆದಂತೆ. ಪತ್ರಿಕೋದ್ಯಮದವರಿಗೆ ಇದರ ಬೆಲೆ ತೋರಿಸಿದ್ದು 2005ರ ಒಂದು ಕೆಲಸ. ಷಿಕಾಗೋ ಪೊಲೀಸರು ಅಪರಾಧಗಳ ವಿವರವನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಿದ್ದರು, ಆದರೆ ನಮ್ಮ ಬೀದಿಯಲ್ಲಿ ಏನಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತಿರಲಿಲ್ಲ. ಏಡ್ರಿಯನ್ ಹೊಲೊವಾಟಿ ಎಂಬ ಪತ್ರಕರ್ತ ಆ ವಿವರವನ್ನು ಪ್ರೋಗ್ರಾಂ ಮೂಲಕ ತೆಗೆದು ಗೂಗಲ್ ನಕ್ಷೆಯ ಮೇಲೆ ಕೂರಿಸಿದರು. ಮಾಹಿತಿ ಪೊಲೀಸರದ್ದೇ, ಜನರಿಗೆ ಅರ್ಥವಾಗುವಂತೆ ಜೋಡಿಸಿದ್ದು ಮಾತ್ರ ಹೊಸದು. ಆದರೆ ಹೊಲೊವಾಟಿ ಅವರಿಗೆ ಕೋಡ್ ಬರೆಯಲು ಬರುತ್ತಿತ್ತು. ನಮ್ಮಂಥವರಿಗೆ ಆ ದಾರಿ ಇನ್ನೂ ತೆರೆದಿರಲಿಲ್ಲ.

ಟ್ಯಾಂಕು: ಎತ್ತಿದ್ದನ್ನು ಇಡುವುದು

ಪುಟಗಳನ್ನು ಹಾಗೇ ಉಳಿಸಬೇಕು ಎಂದು ಮೊದಲೇ ಯೋಚಿಸಿದವರು ಬ್ರೂಸ್ಟರ್ ಕೇಲ್. ಅವರು 1996ರಲ್ಲಿ ಇಂಟರ್ನೆಟ್ ಆರ್ಕೈವ್ ಶುರು ಮಾಡಿದರು. 2001ರಲ್ಲಿ ಅದರ 'ವೇಬ್ಯಾಕ್ ಮಷೀನ್' ಎಲ್ಲರಿಗೂ ತೆರೆಯಿತು. ಹಳೆಯ ಪುಟ ಹಿಂದೆ ಹೇಗಿತ್ತೆಂದು ಇವತ್ತಿಗೂ ಅಲ್ಲಿ ಹುಡುಕಬಹುದು.

ಸ್ವಂತ ಟ್ಯಾಂಕು ಸಿಕ್ಕಿದ್ದು ಆಮೇಲೆ. ಅಮೆಜಾನ್ 2006ರ ಮಾರ್ಚ್‌ನಲ್ಲಿ 'ಎಸ್3' ತಂದಿತು. ಬಳಸಿದಷ್ಟು ಜಾಗಕ್ಕೆ ಮಾತ್ರ ಬಾಡಿಗೆ. 2008ರಲ್ಲಿ ಡ್ರಾಪ್‌ಬಾಕ್ಸ್, 2012ರಲ್ಲಿ ಗೂಗಲ್ ಡ್ರೈವ್ ಬಂದವು. 'ಕ್ಲೌಡ್' ಎಂದರೆ ಆಕಾಶದಲ್ಲಿ ಏನೋ ಇದೆ ಎಂದಲ್ಲ, ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರಿನಲ್ಲಿ ನಮ್ಮ ಫೈಲ್ ಇಡುವುದು, ಅಷ್ಟೇ.

ಬೋರೂ ಟ್ಯಾಂಕೂ ದೊಡ್ಡ ಮಟ್ಟದಲ್ಲಿ ಸೇರಿದ ಒಂದು ಘಟನೆ 2008ರದ್ದು. ಅಮೆರಿಕದ ಫೆಡರಲ್ ಕೋರ್ಟುಗಳ ದಾಖಲೆಗಳು 'ಪೇಸರ್' ಎಂಬ ಸರ್ಕಾರಿ ವ್ಯವಸ್ಥೆಯಲ್ಲಿವೆ. ಆಗ ಪುಟಕ್ಕೆ 8 ಸೆಂಟ್ ಶುಲ್ಕ. ಪ್ರಯೋಗಕ್ಕೆಂದು ಕೆಲವೇ ಗ್ರಂಥಾಲಯಗಳಲ್ಲಿ ಉಚಿತವಾಗಿ ನೋಡಲು ಬಿಟ್ಟಿದ್ದರು. ಏರನ್ ಸ್ವಾರ್ಟ್ಜ್ ಎಂಬ ಯುವಕ ಅದೇ ಬಾಗಿಲಿನಿಂದ ಪ್ರೋಗ್ರಾಂ ಓಡಿಸಿ ಸುಮಾರು 2 ಕೋಟಿ ಪುಟಗಳನ್ನು ಅಮೆಜಾನ್ ಕ್ಲೌಡಿಗೆ ಇಳಿಸಿದರು. ಸರ್ಕಾರ ಪ್ರಯೋಗವನ್ನೇ ನಿಲ್ಲಿಸಿತು. ಎಫ್‌ಬಿಐ ವಿಚಾರಣೆ ಮಾಡಿ, ಮೊಕದ್ದಮೆ ಹಾಕದೆ ಕಡತ ಮುಚ್ಚಿತು.

ಮರುವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ಹಿಡಿದರು. ಫೈರ್‌ಫಾಕ್ಸ್ ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಸಾಧನ ಮಾಡಿ, ಪೇಸರ್ ಹೆಸರನ್ನೇ ತಿರುಗಿಸಿ 'ರೀಕ್ಯಾಪ್' ಎಂದು ಕರೆದರು. ಯಾರಾದರೂ ದುಡ್ಡು ಕೊಟ್ಟು ಒಂದು ದಾಖಲೆ ತೆಗೆದರೆ, ಅದರ ಪ್ರತಿ ತಾನಾಗಿಯೇ ಇಂಟರ್ನೆಟ್ ಆರ್ಕೈವಿಗೆ ಹೋಗುತ್ತಿತ್ತು. ಬಳಸುವವರಿಗೆ ಕೋಡ್ ಗೊತ್ತಿರಬೇಕಿಲ್ಲ. ಒಬ್ಬರೇ ಕೋಟಿ ಪುಟ ಎತ್ತುವ ಬದಲು, ಸಾವಿರ ಜನ ತಮಗೆ ಬೇಕಾದ ಒಂದೊಂದನ್ನೇ ಉಳಿಸಿದರೂ ಟ್ಯಾಂಕು ತುಂಬುತ್ತದೆ. ನನಗೆ ಈ ಇತಿಹಾಸದಲ್ಲಿ ಬಹಳ ಹಿಡಿಸಿದ್ದು ಇದೇ.

ಆಟೋ ಸ್ಟಾರ್ಟರ್: ಕೋಡ್ ಇಲ್ಲದ ಜೋಡಣೆ

2007ರ ಫೆಬ್ರವರಿಯಲ್ಲಿ ಯಾಹೂ ಕಂಪನಿ 'ಪೈಪ್ಸ್' ತಂದಿತು. ಪರದೆಯ ಮೇಲೆ ಚೌಕಗಳು, ಚೌಕದಿಂದ ಚೌಕಕ್ಕೆ ಪೈಪು. ಒಂದು ಚೌಕ ಮಾಹಿತಿ ತರುತ್ತದೆ, ಇನ್ನೊಂದು ಸೋಸುತ್ತದೆ, ಮತ್ತೊಂದು ಹೊರಗೆ ಕೊಡುತ್ತದೆ. 2011ರಲ್ಲಿ ಲಿಂಡನ್ ಟಿಬೆಟ್ಸ್ ಅವರ 'ಇಫ್ಟ್' ಬಂತು. ಇದಾದರೆ ಅದನ್ನು ಮಾಡು, ಅಷ್ಟೇ ಅದರ ಸೂತ್ರ. ಅದೇ ವರ್ಷ ಅಮೆರಿಕದ ಮಿಸೌರಿಯಲ್ಲಿ 'ಝೇಪಿಯರ್' ಹುಟ್ಟಿತು. ಝೆಕ್ ದೇಶದ 'ಇಂಟಿಗ್ರೊಮ್ಯಾಟ್' 2022ರಲ್ಲಿ 'ಮೇಕ್' ಎಂದು ಹೆಸರು ಬದಲಿಸಿಕೊಂಡಿತು.

ಇನ್ನೊಂದು ಕಡೆ ಪಾರ್ಸ್‌ಹಬ್, ಆಕ್ಟೋಪಾರ್ಸ್‌ನಂಥ ಸಾಧನಗಳು ಬಂದವು. ಪಟ್ಟಿಯ ಒಂದೆರಡು ಸಾಲನ್ನು ಮೌಸಿನಿಂದ ತೋರಿಸಿದರೆ ಉಳಿದದ್ದನ್ನು ಅವೇ ತೆಗೆಯುತ್ತವೆ. ಈಗ ಮೂರನ್ನೂ ಕೂಡಿಸಬಹುದು. ದಿನಾ ಬೆಳಿಗ್ಗೆ ಆ ಪುಟ ನೋಡು, ಪಟ್ಟಿ ತೆಗೆ, ತಾರೀಕು ಹಾಕಿದ ಫೈಲ್ ಮಾಡಿ ನನ್ನ ಡ್ರೈವ್ ಫೋಲ್ಡರಿನಲ್ಲಿ ಇಡು. ಒಮ್ಮೆ ಹೇಳಿಟ್ಟರೆ ಸಾಕು.

ಆದರೆ ಸ್ಟಾರ್ಟರ್ ನಮ್ಮದಲ್ಲ, ಕಂಪನಿಯದು. ಯಾಹೂ ಪೈಪ್ಸ್ 2015ರ ಸೆಪ್ಟೆಂಬರ್ 30ಕ್ಕೆ ಬಂದ್ ಆಯಿತು, ಅದನ್ನು ನಂಬಿ ಕಟ್ಟಿದ್ದ ಜೋಡಣೆಗಳೆಲ್ಲ ನಿಂತವು. ಇಫ್ಟ್ 2020ರಲ್ಲಿ ಉಚಿತ ಬಳಕೆಗೆ 3 ಜೋಡಣೆಗಳ ಮಿತಿ ಹಾಕಿತು. ಹಾಗಾಗಿ ಡ್ರೈವಿನಲ್ಲಿ ಇರುವುದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೋ ಮೆಮೊರಿ ಕಾರ್ಡಿನಲ್ಲೋ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮೂರಿನ ಲೆಕ್ಕ

ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ಅರ್ಜಿ ಹಾಕುವ ಮೊದಲೇ ಕಚೇರಿಗಳು ತಾವಾಗಿ ಮಾಹಿತಿ ಪ್ರಕಟಿಸಬೇಕು ಎಂದು ಅದರ 4ನೇ ಸೆಕ್ಷನ್ ಹೇಳುತ್ತದೆ. ಅದರಲ್ಲಿ ಇಂಟರ್ನೆಟ್ಟಿನ ಮಾತೂ ಇದೆ. ಪಹಣಿ, ಎಪಿಎಂಸಿ ಧಾರಣೆ, ಉದ್ಯೋಗ ಖಾತ್ರಿಯ ಹಾಜರಿ, ಎಲ್ಲವೂ ಈಗ ಫೋನಿನಲ್ಲಿ ಸಿಗುತ್ತವೆ. ಇವತ್ತಿನದು ಸಿಗುತ್ತದೆ. ನಿನ್ನೆಯದನ್ನು ಕಾಯುವ ಕೆಲಸ ಮಾತ್ರ ನಮ್ಮ ಮೇಲೆ ಬಿದ್ದಿದೆ.

ಅದಕ್ಕೆ ದೊಡ್ಡ ಸಾಧನವೇ ಬೇಕೆಂದಿಲ್ಲ. ವೇಬ್ಯಾಕ್ ಮಷೀನಿನಲ್ಲಿ 'ಸೇವ್ ಪೇಜ್ ನೌ' ಎಂಬ ಜಾಗದಲ್ಲಿ ಲಿಂಕ್ ಹಾಕಿ ಒತ್ತಿದರೆ, ಆ ಕ್ಷಣದ ಪುಟ ತಾರೀಕು, ಸಮಯದ ಸಮೇತ ಅಲ್ಲಿ ಉಳಿಯುತ್ತದೆ. ಎಲ್ಲ ಸೈಟುಗಳಲ್ಲೂ ಇದು ನಡೆಯುವುದಿಲ್ಲ, ಲಾಗಿನ್ ಅಥವಾ ಕ್ಯಾಪ್ಚಾ ಕೇಳುವಲ್ಲಿ ನಿಲ್ಲುತ್ತದೆ. ಆಗ ಪಿಡಿಎಫ್ ಮಾಡಿ ಡ್ರೈವಿಗೆ ಹಾಕಿ.

ಮೂರು ಎಚ್ಚರಿಕೆ. ಸರ್ಕಾರಿ ಸೈಟುಗಳಿಗೆ ಮೊದಲೇ ಉಸಿರು ಕಟ್ಟಿರುತ್ತದೆ, ದಿನಕ್ಕೊಮ್ಮೆ ನೋಡಿದರೆ ಸಾಕು, ನಿಮಿಷಕ್ಕೊಮ್ಮೆ ಬೇಡ. ಪಟ್ಟಿಯಲ್ಲಿ ಜನರ ಹೆಸರು, ಖಾತೆ, ಫೋನ್ ನಂಬರ್ ಇದ್ದರೆ ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಎಲ್ಲರೂ ನೋಡುವ ಪುಟದಲ್ಲೂ ಉಳಿಸಬೇಡಿ. ಅದು ನಿಮ್ಮ ಫೋಲ್ಡರಿನಲ್ಲಷ್ಟೇ ಇರಲಿ. ಕೋರ್ಟಿನವರೆಗೆ ಹೋಗುವುದಾದರೆ ಬರೀ ಸ್ಕ್ರೀನ್‌ಶಾಟ್ ಸಾಲದು. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ವಕೀಲರನ್ನು ಕೇಳಿ.

ಆ ಅಜ್ಜಿಯಿಂದ ಮತ್ತೊಂದು ಅರ್ಜಿ ಕೊಡಿಸಿದ್ದೇವೆ. ಹಳೆಯ ಪಟ್ಟಿಯನ್ನು ವೇಬ್ಯಾಕ್ ಮಷೀನಿನಲ್ಲೂ ಹುಡುಕಿದೆ. ಅದನ್ನು ಅಲ್ಲಿ ಯಾರೂ ಉಳಿಸಿರಲಿಲ್ಲ. ಈಗ ಆ ಪುಟ ದಿನಾ ಬೆಳಿಗ್ಗೆ ನನ್ನ ಫೋಲ್ಡರಿಗೆ ಬಂದು ಬೀಳುತ್ತದೆ. ನಿಮ್ಮೂರಿನ ಪಟ್ಟಿ ಬಂದ ದಿನ, ಹೆಸರು ಇದೆ ಎಂದು ಖುಷಿಪಡುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ.