ಜೀವಂತ ನರಕೋಶಕ್ಕೆ ಬಣ್ಣ ಹಚ್ಚಿದ ಕಥೆ

1991ರ ಒಂದು ಮಧ್ಯಾಹ್ನ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಈರುಳ್ಳಿಯ ತೆಳು ಪೊರೆಗೆ ಸ್ಯಾಫ್ರನಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಬಣ್ಣ ಹಾಕಿದ್ಮೇಲೂ ಕೋಶ ಬದುಕಿರುತ್ತಾ?" ಎಂದು ಕೇಳಿದ. "ಅದೆಲ್ಲ ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎಂದೆ. ನಿಜ ಹೇಳಬೇಕೆಂದರೆ, ನನಗೆ ಉತ್ತರ ತಿಳಿದಿರಲಿಲ್ಲ. ನಿವೃತ್ತಿಯ ನಂತರದ ಓದಿನಲ್ಲಿ ಆ ಪ್ರಶ್ನೆಯ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆಯೆಂದು ತಿಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಿದುಳಿನ ಅಂಗಾಂಶವನ್ನು ತೆಳುವಾಗಿ ಕತ್ತರಿಸಿ ನೋಡಿದರೆ ಬರಿಗಣ್ಣಿಗಾಗಲಿ ಮಸೂರಕ್ಕಾಗಲಿ ಒಂದು ಕೋಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆಂಬುದು ಕಾಣದು. 1873ರಲ್ಲಿ ಇಟಲಿಯ ಅಬ್ಬಿಯಾಟೆಗ್ರಾಸ್ಸೋ ಎಂಬ ಊರಿನ ಆಸ್ಪತ್ರೆಯ ವೈದ್ಯ ಕ್ಯಾಮಿಲ್ಲೋ ಗಾಲ್ಜಿ ಇದಕ್ಕೊಂದು ದಾರಿ ಕಂಡುಕೊಂಡರು. ಅಡುಗೆಮನೆಯೊಂದೇ ಅವರ ಪ್ರಯೋಗಶಾಲೆ. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಗೊಳಿಸಿದ ಅಂಗಾಂಶವನ್ನು ಅವರು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದರು. (ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿಯಲ್ಲಿಯೂ ಸಿಲ್ವರ್ ನೈಟ್ರೇಟೇ ಇದೆ.) ನೂರರಲ್ಲಿ ಕೆಲವೇ ಕೋಶಗಳು ಕಪ್ಪಾದವು, ಆದರೆ ಕಪ್ಪಾದವು ಕೊಂಬೆ ರೆಂಬೆಗಳ ಸಮೇತ ಸಂಪೂರ್ಣವಾಗಿ ಕಾಣಿಸಿದವು. 1887ರಲ್ಲಿ ಈ ವಿಧಾನವನ್ನು ಕಂಡ ಸ್ಪೇನಿನ ಸ್ಯಾಂಟಿಯಾಗೋ ರಮೋನ್ ಇ ಕಹಾಲ್ ಅದನ್ನು ಸುಧಾರಿಸಿ, ಪ್ರತಿಯೊಂದು ನರಕೋಶವೂ ಬಿಡಿ ಘಟಕವೆಂದು ವಾದಿಸಿದರು. ಗಾಲ್ಜಿಯವರಾದರೋ ಅವೆಲ್ಲ ಸೇರಿ ಒಂದೇ ಜಾಲವೆಂದು ನಂಬಿದ್ದರು. 1906ರ ನೊಬೆಲ್ ಪಾರಿತೋಷಕವನ್ನು ಇಬ್ಬರೂ ಹಂಚಿಕೊಂಡರೂ ಅಭಿಪ್ರಾಯಗಳು ಒಂದಾಗಲಿಲ್ಲ. ಇಬ್ಬರೂ ನೋಡುತ್ತಿದ್ದುದು ಸತ್ತ ಕೋಶಗಳನ್ನೇ.

ಜೀವಂತ ನರಕೋಶವನ್ನು ನೋಡುವ ಬಾಗಿಲು ತೆರೆದವರು ಅಮೆರಿಕದ ರಾಸ್ ಹ್ಯಾರಿಸನ್. 1907ರಲ್ಲಿ ಅವರು ಕಪ್ಪೆಯ ಭ್ರೂಣದಿಂದ ತೆಗೆದ ನರ ಅಂಗಾಂಶದ ತುಣುಕನ್ನು ದುಗ್ಧರಸದ ಹನಿಯಲ್ಲಿಟ್ಟು, ಕೋಶದಿಂದ ನರತಂತು ಬೆಳೆದು ಹೊರಚಾಚುವುದನ್ನು ಕಣ್ಣಾರೆ ಕಂಡರು. ಅಂಗಾಂಶ ಕೃಷಿಗೆ ಇದೇ ನಾಂದಿ. ಆದರೆ ಹೊಸ ತೊಡಕೊಂದು ಎದುರಾಯಿತು. ಬೆನ್ನುಹುರಿಯ ಕೋಶಗಳನ್ನೆಲ್ಲ ಬಿಡಿಸಿ ಗಾಜಿನ ತಟ್ಟೆಗೆ ಹಾಕಿದರೆ ಯಾವುದು ಯಾವ ಅಂಗಕ್ಕೆ ಸೇರಿದ್ದೆಂದು ತಿಳಿಯುವ ಬಗೆ ಹೇಗೆ? ಜೂನ್ ತಿಂಗಳಿನಲ್ಲಿ ಎಂಟನೆಯ ತರಗತಿಗೆ ಹತ್ತಾರು ಹಳ್ಳಿಗಳ ಮಕ್ಕಳು ಒಂದೇ ಸಮವಸ್ತ್ರದಲ್ಲಿ ಬಂದು ಕುಳಿತಂತೆ! ನಾವು "ಯಾವೂರಪ್ಪಾ?" ಎಂದು ಕೇಳಬಹುದಿತ್ತು, ನರಕೋಶವನ್ನು ಕೇಳುವಂತಿಲ್ಲ.

ಇದಕ್ಕೆ ಪರಿಹಾರ ಬಂದದ್ದು 1986ರಲ್ಲಿ. ಮಾರ್ಸಿಯಾ ಹೋನಿಗ್ ಮತ್ತು ರಿಚರ್ಡ್ ಹ್ಯೂಮ್ ಎಂಬ ವಿಜ್ಞಾನಿಗಳು ಸಯನೀನ್ ಕುಟುಂಬದ ಎರಡು ವರ್ಣದ್ರವ್ಯಗಳನ್ನು ಬಳಸಿದರು. ಈ ಕುಟುಂಬದ ಬಣ್ಣಗಳು ಛಾಯಾಗ್ರಹಣದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದವು. 1970ರ ದಶಕದಲ್ಲಿ ಅಲನ್ ವ್ಯಾಗನರ್ ಮೊದಲಾದವರು ಕೋಶಪೊರೆಯ ವಿದ್ಯುತ್ ವಿಭವವನ್ನು ತಿಳಿಯಲು ಅವುಗಳನ್ನು ಉಪಯೋಗಿಸಿದ್ದರು. ಹೋನಿಗ್ ಮತ್ತು ಹ್ಯೂಮ್ ಆರಿಸಿಕೊಂಡ 'ಡೈ-ಐ' ಎಂಬುದು ಹಸಿರು ಬೆಳಕನ್ನು ಹೀರಿ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. 'ಡೈ-ಓ' ನೀಲಿಯನ್ನು ಹೀರಿ ಹಸಿರಾಗಿ ಹೊಳೆಯುತ್ತದೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ.

ಇವು ಕೋಶಕ್ಕೆ ಅಂಟಿಕೊಳ್ಳುವ ಬಗೆಯನ್ನು ನಮ್ಮ ಅಡುಗೆಮನೆಯಲ್ಲೇ ಕಾಣಬಹುದು. ಅರಿಸಿನದ ಬಣ್ಣ ನೀರಿನಲ್ಲಿ ಕರಗದು. ಒಗ್ಗರಣೆಯ ಎಣ್ಣೆಗೆ ಬಿದ್ದರೆ ಕೂಡಲೇ ಬಿಟ್ಟುಕೊಳ್ಳುತ್ತದೆ. ಕೋಶಪೊರೆ ಮುಖ್ಯವಾಗಿ ಕೊಬ್ಬಿನ ಅಣುಗಳ ಎರಡು ಪದರ. ಡೈ-ಐ ಅಣುವಿಗೆ ತಲಾ 18 ಇಂಗಾಲದ ಪರಮಾಣುಗಳ ಎರಡು ಬಾಲಗಳಿವೆ. ಅವು ಆ ಕೊಬ್ಬಿನೊಳಗೆ ನೆಟ್ಟುಕೊಂಡರೆ ಸುಲಭವಾಗಿ ಹೊರಬಾರವು. ಪೊರೆಯುದ್ದಕ್ಕೂ ಮಾತ್ರ ಮೆಲ್ಲನೆ ಹರಡುತ್ತವೆ.

ಕೋಳಿಯ ಭ್ರೂಣದಲ್ಲಿ ನರತಂತುಗಳು ಹೋಗಿ ತಲುಪುವ ಜಾಗಕ್ಕೆ ಬಣ್ಣವನ್ನಿಟ್ಟರೆ, ಅದು ತಂತುವಿನ ಗುಂಟ ಹಿಂದಕ್ಕೆ ಸಾಗಿ ಬೆನ್ನುಹುರಿಯಲ್ಲಿರುವ ಕೋಶದ ಒಡಲನ್ನು ಸೇರುತ್ತದೆ. ಆಮೇಲೆ ಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿ ಬೆಳೆಸಿದಾಗ ಹೊಳೆಯುವ ಕೋಶ ತನ್ನ ಊರನ್ನು ತಾನೇ ಹೇಳುತ್ತದೆ. ಬಣ್ಣ ಹೊತ್ತ ಕೋಶಗಳು ವಾರಗಟ್ಟಲೆ ಬದುಕಿದವು, ತಂತುಗಳನ್ನು ಚಾಚಿದವು, ವಿದ್ಯುತ್ ಸಂಕೇತಗಳನ್ನು ಎಂದಿನಂತೆ ಹೊಮ್ಮಿಸಿದವು. ಪಕ್ಕದ ಕೋಶಗಳಿಗೆ ಬಣ್ಣ ಹರಡಿದ್ದೂ ಕಂಡುಬರಲಿಲ್ಲ.

ಮರುವರ್ಷವೇ, 1987ರಲ್ಲಿ, ರಾಸಾಯನಿಕದಲ್ಲಿ ಕಾಪಿಟ್ಟ ನಿರ್ಜೀವ ಅಂಗಾಂಶದಲ್ಲಿಯೂ ಡೈ-ಐ ನರತಂತುಗಳ ಗುಂಟ ಹರಡುತ್ತದೆಂದು ಗೊಡೆಮಾ ಮತ್ತು ಸಂಗಡಿಗರು ತೋರಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಮತ್ತು ಸಂಗಡಿಗರು ಲೋಳೆಮೀನಿನ ಹಸಿರು ಪ್ರೋಟೀನನ್ನು ಬೇರೆ ಜೀವಿಯ ನರಕೋಶಗಳಲ್ಲಿ ಹೊಳೆಯಿಸಿದ ಮೇಲೆ ಜೀನ್‌ಗಳ ಮೂಲಕವೇ ಬಣ್ಣ ಕೊಡುವುದು ಸಾಧ್ಯವಾಯಿತು. ಆದರೂ ಪೊರೆಯ ಬಣ್ಣಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿವೆ.

ಆ ಹುಡುಗನಿಗೆ ಈಗ ಐವತ್ತರ ಸಮೀಪದ ವಯಸ್ಸಿರಬೇಕು. ಅವನು ಕೇಳುವ ಐದು ವರ್ಷ ಮೊದಲೇ ಉತ್ತರ ಅಚ್ಚಾಗಿತ್ತು. ಅವನನ್ನು ಕೂರಿಸಿದ್ದು ನನ್ನ ಅಜ್ಞಾನವೂ ಅದನ್ನು ಒಪ್ಪಿಕೊಳ್ಳಲಾರದ ಬಿಗುಮಾನವೂ. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ಕೇಳು: ಸರಿಯಾದ ಬಣ್ಣವನ್ನು ಮಿತವಾಗಿ ಹಚ್ಚಿದರೆ ಕೋಶ ಬದುಕಿರುತ್ತದೆ. ತೀವ್ರವಾದ ಬೆಳಕನ್ನು ಬಹಳ ಹೊತ್ತು ಬಿಟ್ಟರೆ ಮಾತ್ರ ಅದಕ್ಕೆ ಹಾನಿಯಾಗುತ್ತದೆ. ನಿನ್ನ ಪ್ರಶ್ನೆ ಬಹಳ ಒಳ್ಳೆಯದಿತ್ತು. ಅಂದೇ ಹಾಗೆಂದು ಹೇಳಬೇಕಾಗಿತ್ತು.